ನೀಟಾ, ರಾಕ್ಸಾ? ಬಾರ್ ಕೌಂಟರಿನ ಮಾತು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ "ಬಾರ್ ಕೌಂಟರಿನಲ್ಲಿ ಕೇಳಿದ ಯಾವ ಪದ ಅರ್ಥವಾಗಲಿಲ್ಲವೋ ಬರೆದು ಕಳಿಸಿ" ಎಂದಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಕೇಳಿದ್ದಾರೆ, ಮನೆಗೆ ಶೇಕರ್ ತಂದಿಟ್ಟುಕೊಂಡವರು ಕೇಳಿದ್ದಾರೆ, ಒಂದು ಹನಿಯೂ ಕುಡಿಯದವರೂ ಕೇಳಿದ್ದಾರೆ. ಹದಿನಾಲ್ಕು ವರ್ಷ ಕೌಂಟರಿನ ಹಿಂದೆ ನಿಂತವನು ನಾನು, ಈಗ ಹೊಸಬರಿಗೆ ಕಲಿಸುತ್ತೇನೆ. ಈ ಸಲ ಒಂಬತ್ತು ಪ್ರಶ್ನೆ ತೆಗೆದುಕೊಂಡಿದ್ದೇನೆ. ಮದ್ಯದ ವಿಷಯ ಆದ್ದರಿಂದ ಇದು 21 ತುಂಬಿದವರಿಗೆ ಮಾತ್ರ.

ಬೆಂಗಳೂರಿನ ಒಂದು ಬಾರಿನಲ್ಲಿ ಟ್ರೈನಿ ಆಗಿ ಸೇರಿ ಎರಡು ವಾರ ಆಯಿತು. ನೀಟ್, ಆನ್ ದಿ ರಾಕ್ಸ್, ಸ್ಟ್ರೇಟ್ ಅಪ್, ಈ ಮೂರರಲ್ಲಿ ಇನ್ನೂ ಎಡವುತ್ತಿದ್ದೇನೆ. ಸರಳವಾಗಿ ಹೇಳಿ. (ದಾವಣಗೆರೆಯ ಓದುಗ)

ನೀರಿನ ಲೆಕ್ಕ ಹಾಕಿ ನೋಡಿ, ಮೂರೂ ತಾನಾಗೇ ಬಿಡಿಸಿಕೊಳ್ಳುತ್ತವೆ.

ನೀಟ್ ಅಂದರೆ ಬಾಟಲಿಯಿಂದ ನೇರ ಗ್ಲಾಸಿಗೆ. ಐಸ್ ಇಲ್ಲ, ನೀರಿಲ್ಲ, ತಣ್ಣಗೂ ಮಾಡುವುದಿಲ್ಲ. ಆನ್ ದಿ ರಾಕ್ಸ್ ಅಂದರೆ ಗ್ಲಾಸಿನಲ್ಲಿ ಐಸ್ ಇರುತ್ತದೆ, ಅದರ ಮೇಲೆ ಸುರಿಯುತ್ತೇವೆ. ಕುಡಿಯುತ್ತಾ ಹೋದ ಹಾಗೆ ಐಸ್ ಕರಗುತ್ತದೆ, ಹಾಗಾಗಿ ಮೊದಲ ಗುಟುಕಿನ ರುಚಿ ಕೊನೆಯ ಗುಟುಕಿಗೆ ಇರುವುದಿಲ್ಲ. ಅದು ತಪ್ಪಲ್ಲ, ಆ ಬದಲಾವಣೆಗೇ ಕೆಲವರು ರಾಕ್ಸ್ ಕೇಳುತ್ತಾರೆ. ಅಪ್ ಅಂದರೆ ಐಸ್ ಜೊತೆ ಕಲಕಿ ಅಥವಾ ಶೇಕ್ ಮಾಡಿ, ಐಸನ್ನು ಸೋಸಿ ತೆಗೆದು, ಕಾಲಿರುವ ಗ್ಲಾಸಿಗೆ ಹಾಕುವುದು. ಬೇಕಾದಷ್ಟು ನೀರು ಶೇಕರಿನಲ್ಲೇ ಸೇರಿಯಾಗಿದೆ, ಗ್ಲಾಸಿಗೆ ಬಂದ ಮೇಲೆ ಇನ್ನು ಸೇರುವುದಿಲ್ಲ. ಗ್ಲಾಸಿಗೆ ಕಾಲು ಇರುವುದು ಯಾಕೆ ಅಂದರೆ ಅಂಗೈ ಬಿಸಿ ಡ್ರಿಂಕಿಗೆ ತಾಗಬಾರದು ಅಂತ.

ಸ್ಟ್ರೇಟ್ ಅಪ್ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಕೆಲವು ಗಿರಾಕಿಗಳು ಅದನ್ನು ನೀಟ್ ಅನ್ನುವ ಅರ್ಥದಲ್ಲಿ ಹೇಳುತ್ತಾರೆ, ಕೆಲವರು ಅಪ್ ಅನ್ನುವ ಅರ್ಥದಲ್ಲಿ. "ತಣ್ಣಗೆ ಮಾಡಿ ಸೋಸಿ ಕೊಡಲಾ, ಹಾಗೇ ಕೊಡಲಾ?" ಎಂದು ಒಂದು ಮಾತು ಕೇಳಿಬಿಡಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮೊದಲ ವರ್ಷ, ಮಂಡ್ಯ ಕಡೆಯ ಹಿರಿಯರೊಬ್ಬರು ಮಗಳಿಗೆ ಕೆಲಸ ಸಿಕ್ಕ ಖುಷಿಗೆ ಅವಳ ಜೊತೆ ಊಟಕ್ಕೆ ಬಂದಿದ್ದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಷರಟು. ಒಂದು ವಿಸ್ಕಿ ಕೇಳಿದರು. ವೇಟರ್ ಇಂಗ್ಲಿಷಿನಲ್ಲಿ "ನೀಟ್ ಆರ್ ರಾಕ್ಸ್?" ಎಂದ. ಅವರು "ಹೂಂ" ಅಂದರು. ಅವನು ಮತ್ತೆ ಕೇಳಿದ, ಈ ಸಲ ಸ್ವಲ್ಪ ಜೋರಾಗಿ, ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಹಿರಿಯರ ಹೆಬ್ಬೆರಳು ಮೆನು ಕಾರ್ಡಿನ ಅಂಚನ್ನು ಸವರುತ್ತಲೇ ಇತ್ತು, ಮಗಳು ತಲೆ ತಗ್ಗಿಸಿ ಕೂತಿದ್ದಳು. ನಾನು ಕೌಂಟರ್ ಬಿಟ್ಟು ಹೋಗಿ "ಐಸ್ ಹಾಕಲಾ ಯಜಮಾನ್ರೇ?" ಎಂದೆ. ತಕ್ಷಣ ಹೇಳಿದರು: "ಎರಡೇ ತುಂಡು ಹಾಕಪ್ಪ. ಸೋಡಾ ಬೇರೆ ಕೊಡು, ನಾನೇ ಸೇರಿಸಿಕೊಳ್ತೀನಿ." ತನಗೆ ಏನು ಬೇಕು ಅನ್ನುವುದು ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಅಡ್ಡ ಬಂದಿದ್ದು ಒಂದು ಪದ. ಪದ ಕಲಿಯಿರಿ, ಆದರೆ ಎದುರಿಗೆ ಕೂತವರಿಗೆ ಗೊತ್ತಾಗುವ ಮಾತಿನಲ್ಲಿ ಕೇಳಿ.

ಮೆನುವಿನಲ್ಲಿ 30 ಎಂಎಲ್ ಎಂದಿರುತ್ತದೆ, ಗೆಳೆಯರು "ನೈಂಟಿ ಹೇಳು" ಅನ್ನುತ್ತಾರೆ, ರೆಸಿಪಿ ನೋಡಿದರೆ ಔನ್ಸ್, ಡ್ಯಾಶ್, ಪಾರ್ಟ್. ಯಾವುದು ಎಷ್ಟು? (ಹುಬ್ಬಳ್ಳಿಯ ಓದುಗರು)

ನಮ್ಮಲ್ಲಿ ಸ್ಮಾಲ್ ಪೆಗ್ ಅಂದರೆ 30 ಎಂಎಲ್, ಲಾರ್ಜ್ ಅಂದರೆ 60. ಸಿಕ್ಸ್ಟಿ, ನೈಂಟಿ ಅನ್ನುವುದೆಲ್ಲ ಎಂಎಲ್ ಲೆಕ್ಕವೇ. ಕ್ವಾರ್ಟರ್ ಅಂದರೆ 180. ಫುಲ್ ಬಾಟಲಿ 750, ಅದರ ಕಾಲು ಭಾಗ ಸರಿಯಾಗಿ ನೋಡಿದರೆ 187.5 ಆಗಬೇಕು, ಆದರೆ ಬಾಟಲಿ ಬರುವುದು 180ಕ್ಕೆ. ಹಾಫ್ ಮಾತ್ರ ಸರಿಯಾಗಿ 375.

ಔನ್ಸ್ ಅಮೆರಿಕದ ಅಳತೆ, ಒಂದು ಔನ್ಸ್ ಹತ್ತಿರ ಹತ್ತಿರ 30 ಎಂಎಲ್. ಹಾಗಾಗಿ ರೆಸಿಪಿಯಲ್ಲಿ 2 ಔನ್ಸ್ ಎಂದಿದ್ದರೆ ಕಣ್ಣು ಮುಚ್ಚಿ 60 ಹಾಕಿ. ಇಂಗ್ಲೆಂಡಿಗೆ ಹೋದರೆ ಮಾತ್ರ ಲೆಕ್ಕ ಬದಲಾಗುತ್ತದೆ, ಅಲ್ಲಿನ ಪಬ್‌ಗಳಲ್ಲಿ ಸಿಂಗಲ್ ಅಂದರೆ ಸಾಮಾನ್ಯವಾಗಿ 25 ಎಂಎಲ್, ಕೆಲವು ಕಡೆ 35.

ಪಾರ್ಟ್ ಅಂದರೆ ಭಾಗ. ಇದು ನಮ್ಮ ಮನೆಗಳಲ್ಲಿ ದಿನಾ ನಡೆಯುವ ಲೆಕ್ಕ. ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ ಅನ್ನುತ್ತೇವೆ, ಪಾವಿನ ಬದಲು ಲೋಟದಲ್ಲಿ ಅಳೆದರೂ ಇಡ್ಲಿ ಕೆಡುವುದಿಲ್ಲ, ಅಲ್ವಾ? ಇದೂ ಹಾಗೇ. ನೆಗ್ರೋನಿ ಅನ್ನುವ ಡ್ರಿಂಕಿಗೆ ಜಿನ್, ಕಂಪಾರಿ (ಕೆಂಪು ಬಣ್ಣದ ಕಹಿ ಮದ್ಯ), ಕೆಂಪು ಸಿಹಿ ವರ್ಮೂತ್ (ಗಿಡಮೂಲಿಕೆ ಹಾಕಿದ ವೈನ್) ಮೂರೂ ಒಂದೊಂದು ಪಾರ್ಟ್. 30-30-30 ಹಾಕಿ, 20-20-20 ಹಾಕಿ, ರುಚಿ ಒಂದೇ.

ಡ್ಯಾಶ್ ಅಂದರೆ ಬಿಟರ್ಸ್ ಅನ್ನುವ ಕಹಿ ಸಾರದ ಬಾಟಲಿಯನ್ನು ತಲೆಕೆಳಗು ಮಾಡಿ ಒಂದು ಸಲ ಜೋರಾಗಿ ಕೊಡವಿದರೆ ಬೀಳುವಷ್ಟು, ಒಂದು ಎಂಎಲ್‌ಗಿಂತ ಸ್ವಲ್ಪ ಕಡಿಮೆ. ಬಾರ್ ಸ್ಪೂನ್ ಸುಮಾರು 5 ಎಂಎಲ್. ಸ್ಪ್ಲಾಶ್‌ಗೆ ಅಳತೆಯೇ ಇಲ್ಲ, ಅದು ಕೈ ಅಂದಾಜು. ಅಳೆಯುವುದಕ್ಕೆ ಇರುವ ಎರಡು ಬಾಯಿಯ ಉಕ್ಕಿನ ಬಟ್ಟಲಿಗೆ ಜಿಗ್ಗರ್ ಎನ್ನುತ್ತಾರೆ, ಒಂದು ಕಡೆ 30, ಇನ್ನೊಂದು ಕಡೆ 60. ಹೊಸಬರು ಸ್ಟೈಲಿಗೆ ಫ್ರೀ ಪೋರ್ ಮಾಡಲು ಹೋಗುತ್ತಾರೆ, ಅಂದರೆ ಜಿಗ್ಗರ್ ಇಲ್ಲದೆ ಮನಸ್ಸಿನಲ್ಲಿ ಎಣಿಸುತ್ತಾ ಸುರಿಯುವುದು. ದಯವಿಟ್ಟು ಮೊದಲ ಎರಡು ವರ್ಷ ಅದನ್ನು ಮಾಡಬೇಡಿ. ನಿಂಬೆ ರಸ 5 ಎಂಎಲ್ ಜಾಸ್ತಿ ಬಿದ್ದರೂ ಇಡೀ ಗ್ಲಾಸ್ ಹುಳಿ.

ಬಾಟಲಿ ಮೇಲೆ "42.8% ವಿ/ವಿ, 75 ಡಿಗ್ರಿ ಪ್ರೂಫ್" ಎಂದಿದೆ. ಅಮೆರಿಕದಿಂದ ಬಂದ ಬಾಟಲಿಯಲ್ಲಿ 80 ಪ್ರೂಫ್ ಇತ್ತು. ಅದೇ ಸ್ಟ್ರಾಂಗ್ ಅಲ್ವಾ? (ಶಿವಮೊಗ್ಗದ ಓದುಗರು)

ಅಲ್ಲ, ನಮ್ಮದೇ ಸ್ಟ್ರಾಂಗ್! ತುಂಬಾ ಜನ ಇಲ್ಲಿ ಮೋಸ ಹೋಗುತ್ತಾರೆ, ಯಾಕೆಂದರೆ ಎರಡು ದೇಶದ ಪ್ರೂಫ್ ಬೇರೆ ಬೇರೆ ಮಾಪು.

ಹಳೇ ಇಂಗ್ಲೆಂಡಿನಲ್ಲಿ ಮದ್ಯಕ್ಕೆ ತೆರಿಗೆ ಹಾಕಲು ಅದರ ಸಾಂದ್ರತೆ ಗೊತ್ತಾಗಬೇಕಿತ್ತು. ಮದ್ಯದಲ್ಲಿ ನೆನೆಸಿದ ಕೋವಿ ಮದ್ದಿಗೆ ಬೆಂಕಿ ಹಚ್ಚಿ ನೋಡುತ್ತಿದ್ದರಂತೆ. ಹತ್ತಿಕೊಂಡರೆ "ಪ್ರೂಫ್", ಅಂದರೆ ಸಾಬೀತು. ಮುಂದೆ ಇದನ್ನು ಅಂಕಿಗೆ ಇಳಿಸಿದಾಗ ಬ್ರಿಟಿಷ್ ಮಾಪಿನ 100 ಪ್ರೂಫ್ ಅಂದರೆ ಸುಮಾರು 57.15% ಆಲ್ಕೋಹಾಲ್ ಎಂದಾಯಿತು. ಅದರ ಮುಕ್ಕಾಲು ಲೆಕ್ಕ ಹಾಕಿ, 42.8 ಬರುತ್ತದೆ. ನಮ್ಮ ಬಾಟಲಿಯ 75 ಪ್ರೂಫ್ ಅದೇ. ಬ್ರಿಟಿಷರು ಹೋದರೂ ಅವರ ಮಾಪು ನಮ್ಮ ಲೇಬಲ್ಲಿನಲ್ಲಿ ಉಳಿದುಕೊಂಡಿದೆ. ಅಮೆರಿಕದಲ್ಲಿ ಶೇಕಡಾವಾರನ್ನು ಎರಡರಿಂದ ಗುಣಿಸಿದರೆ ಪ್ರೂಫ್, ಹಾಗಾಗಿ ಅಲ್ಲಿನ 80 ಅಂದರೆ 40% ಅಷ್ಟೇ. ಪ್ರೂಫ್ ನೋಡುವುದನ್ನು ಬಿಟ್ಟು ಶೇಕಡಾ ಅಂಕಿ ನೋಡಿ. "ವಿ/ವಿ" ಅಂದರೆ 100 ಎಂಎಲ್‌ನಲ್ಲಿ ಎಷ್ಟು ಎಂಎಲ್ ಆಲ್ಕೋಹಾಲ್ ಎಂದು.

ಈ ಅಂಕಿ ಯಾಕೆ ಬೇಕು ಅಂತೀರಾ? 42.8ರ ಒಂದು ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಈಗ 8% ಇರುವ 650 ಎಂಎಲ್ ಸ್ಟ್ರಾಂಗ್ ಬಿಯರ್ ತೆಗೆದುಕೊಳ್ಳಿ. 52 ಎಂಎಲ್ ಆಲ್ಕೋಹಾಲ್. ಅಂದರೆ ನಾಲ್ಕು ಸ್ಮಾಲ್ ಪೆಗ್! "ನಾನು ಬರೀ ಒಂದು ಬಿಯರ್ ಕುಡಿದಿದ್ದು" ಎಂದು ಗಾಡಿ ಕೀ ಕೈಗೆ ತೆಗೆದುಕೊಂಡವರನ್ನು ನಾನು ಎಷ್ಟು ಸಲ ತಡೆದಿದ್ದೇನೋ ಲೆಕ್ಕವಿಲ್ಲ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಮೊದಲ ಸಲ ಸಿಕ್ಕಿಬಿದ್ದರೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ದಂಡದ ಮಾತು ಬಿಡಿ, ರಸ್ತೆಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ.

ಅಣ್ಣ ನನ್ನ ಹುಟ್ಟುಹಬ್ಬಕ್ಕೆ ಬಾರ್ ಸೆಟ್ ಕೊಡಿಸಿದ್ದಾನೆ. ಎರಡು ಥರದ ಶೇಕರ್, ಸ್ಪ್ರಿಂಗ್ ಇರುವ ಜರಡಿ, ತೂತು ತೂತಿನ ಸೌಟು, ಉದ್ದ ಚಮಚ, ಮರದ ಕೋಲು. ಯಾವುದು ಯಾತಕ್ಕೆ? ಯಾವುದನ್ನು ಶೇಕ್ ಮಾಡಬೇಕು, ಯಾವುದನ್ನು ಕಲಕಬೇಕು? (ನ್ಯೂಜೆರ್ಸಿಯಲ್ಲಿರುವ ಕನ್ನಡತಿ)

ನಿಮ್ಮ ಅಣ್ಣ ಒಳ್ಳೆಯ ಸೆಟ್ಟೇ ಕೊಡಿಸಿದ್ದಾರೆ. ಮೂರು ತುಂಡಿನ ಶೇಕರ್, ಮುಚ್ಚಳದಲ್ಲೇ ಜರಡಿ ಇರುವುದು, ಅದು ಕಾಬ್ಲರ್. ಮನೆಗೆ ಅದೇ ಸುಲಭ. ಒಂದರ ಬಾಯಿಗೆ ಒಂದು ಕವುಚುವ ಎರಡು ಡಬ್ಬಿಯದ್ದು ಬಾಸ್ಟನ್, ಬಾರುಗಳಲ್ಲಿ ಅದೇ ಜಾಸ್ತಿ. ಬಾಸ್ಟನ್ ಬಿಗಿಯಾಗಿ ಕಚ್ಚಿಕೊಂಡರೆ ಗಾಬರಿ ಆಗಬೇಡಿ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿರುತ್ತದೆ. ಎರಡು ಡಬ್ಬಿಗಳ ನಡುವೆ ಸಂದು ಕಾಣುವ ಕಡೆ ಅಂಗೈ ಬುಡದಿಂದ ಒಂದು ಏಟು ಹಾಕಿ, ಬಿಡಿಸಿಕೊಳ್ಳುತ್ತದೆ.

ಸ್ಪ್ರಿಂಗ್ ಇರುವುದು ಹಾಥಾರ್ನ್ ಸ್ಟ್ರೈನರ್, ಬಾಸ್ಟನ್ ಬಾಯಿಗೆ ಇಟ್ಟು ಸೋಸಲು. ತೂತಿನ ಸೌಟು ಜೂಲೆಪ್ ಸ್ಟ್ರೈನರ್, ಕಲಕಿದ ಡ್ರಿಂಕಿಗೆ. ಡಬಲ್ ಸ್ಟ್ರೈನ್ ಎಂದು ರೆಸಿಪಿಯಲ್ಲಿ ಬಂದರೆ ಹಾಥಾರ್ನ್ ಕೆಳಗೆ ಇನ್ನೊಂದು ಸಣ್ಣ ಜಾಲರಿ ಹಿಡಿಯಬೇಕು. ಅದಕ್ಕೆ ಟೀ ಸೋಸುವ ಜರಡಿಯೇ ಸಾಕು.

ಇನ್ನು ಶೇಕ್, ಸ್ಟರ್. ಗ್ಲಾಸಿಗೆ ಹೋಗುವುದೆಲ್ಲ ಬರೀ ಮದ್ಯವೇ ಆಗಿದ್ದರೆ ಉದ್ದ ಚಮಚದಿಂದ ಕಲಕಿ. ನಿಂಬೆ ರಸ, ಹಣ್ಣಿನ ರಸ, ಮೊಟ್ಟೆ, ಕ್ರೀಮ್ ಇದ್ದರೆ ಶೇಕ್ ಮಾಡಿ. ಯಾಕೆ ಅಂದರೆ ಶೇಕ್ ಮಾಡಿದಾಗ ಗಾಳಿ ಸೇರಿ ಮಬ್ಬಾಗುತ್ತದೆ, ನೊರೆ ಬರುತ್ತದೆ. ನಿಂಬೆ ಹಾಕಿದ್ದಕ್ಕೆ ಅದು ಚೆಂದ. ಜಿನ್, ವರ್ಮೂತ್ ಸೇರಿದ ಮಾರ್ಟಿನಿಯಂಥದ್ದು ಗಾಜಿನ ಹಾಗೆ ತಿಳಿಯಾಗಿ, ನುಣುಪಾಗಿ ಇರಬೇಕು, ಅದನ್ನು 20ರಿಂದ 30 ಸೆಕೆಂಡ್ ಕಲಕುತ್ತೇವೆ. ಶೇಕ್ ಆದರೆ 10ರಿಂದ 15 ಸೆಕೆಂಡ್ ಸಾಕು. ಗಡಿಯಾರ ನೋಡುವುದೇ ಬೇಡ, ಕೈ ಹೇಳುತ್ತದೆ. ಡಬ್ಬಿಯ ಹೊರಗೆ ಮೊದಲು ಮಂಜಿನ ಹಾಗೆ ಬೆವರು ಕೂರುತ್ತದೆ, ಆಮೇಲೆ ಅದು ಬೆಳ್ಳಗೆ ಗಟ್ಟಿಯಾಗುತ್ತಾ ಬರುತ್ತದೆ, ಬೆರಳ ತುದಿ ಚುರುಗುಟ್ಟಿ ಹಿಡಿಯಲಾಗದ ಹಾಗೆ ಆಗುತ್ತದೆ, ಒಳಗಿನ ಐಸಿನ ಸದ್ದು ಕಟಕಟ ಅನ್ನುವುದು ಹೋಗಿ ಮೆತ್ತಗಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಅಷ್ಟು ಹೊತ್ತಿಗೆ ಎಷ್ಟು ನೀರು ಸೇರಿರುತ್ತದೆ ಗೊತ್ತಾ? ಗ್ಲಾಸಿಗೆ ಬಂದಿದ್ದರಲ್ಲಿ ಕಾಲು ಭಾಗ, ಎಷ್ಟೋ ಸಲ ಅದಕ್ಕಿಂತಲೂ ಜಾಸ್ತಿ, ಐಸ್ ಕರಗಿ ಬಂದ ನೀರು. ಅದು ಕಲಬೆರಕೆ ಅಲ್ಲ, ಅದಿಲ್ಲದೆ ಕಾಕ್‌ಟೇಲ್ ಗಂಟಲು ಸುಡುತ್ತದೆ. ಆದ್ದರಿಂದ ಫ್ರಿಜ್‌ನಲ್ಲಿ ಮೀನಿನ ಪಕ್ಕ ವಾರಗಟ್ಟಲೆ ಕೂತ ಐಸ್ ಹಾಕಬೇಡಿ, ಆ ವಾಸನೆ ನೇರ ಗ್ಲಾಸಿಗೆ ಬರುತ್ತದೆ. ಹಾಗೇ ಸೋಡಾ, ಟಾನಿಕ್, ಕೋಲಾ ಯಾವುದನ್ನೂ ಶೇಕರಿಗೆ ಹಾಕಬೇಡಿ. ಮುಚ್ಚಳ ಹಾರಿ ಗೋಡೆ ತುಂಬಾ ಆಗುತ್ತದೆ. ಅವನ್ನು ಕೊನೆಗೆ ಗ್ಲಾಸಿನಲ್ಲೇ ಸೇರಿಸುವುದಕ್ಕೆ ಟಾಪ್ ಅಪ್ ಅನ್ನುತ್ತಾರೆ.

ಮರದ ಕೋಲು ಮಡ್ಲರ್. ನಿಮ್ಮ ಅಜ್ಜಿ ಅಡಿಕೆ ಕುಟ್ಟುತ್ತಿದ್ದ ಕುಟ್ಟಾಣಿ ನೆನಪಿದೆಯಾ? ನೋಡಲು ಅದರ ಕೋಲಿನ ಹಾಗೇ ಇದೆ, ಕೆಲಸ ಮಾತ್ರ ಬೇರೆ. ಮೊಹಿತೊ ಅನ್ನುವ ರಮ್ ಡ್ರಿಂಕಿಗೆ ಪುದೀನ ಹಾಕಿ ಕುಟ್ಟಿದರೆ ಎಲೆ ಹರಿದು ಕಹಿ ಬಿಡುತ್ತದೆ, ಗ್ಲಾಸ್ ತುಂಬಾ ಹಸಿರು ಚೂರು. ಮೆಲ್ಲಗೆ ಒತ್ತಿ ಅರ್ಧ ಸುತ್ತು ತಿರುಗಿಸಿ, ಮೂರು ನಾಲ್ಕು ಸಲ. ಘಮ ಮೂಗಿಗೆ ಬಂತಾ, ಮುಗಿಯಿತು.

ಡ್ರೈ ಮಾರ್ಟಿನಿ, ಡ್ರೈ ವೈನ್, ಡ್ರೈ ಶೇಕ್, ಡ್ರೈ ಡೇ. ಒದ್ದೆ ಇರುವ ವಸ್ತುವಿಗೆ ಡ್ರೈ ಅಂದರೆ ಏನು? (ಮಂಗಳೂರಿನ ಓದುಗರು)

ನಾಲ್ಕಕ್ಕೂ ನಾಲ್ಕು ಅರ್ಥ. ವೈನಿಗೆ ಡ್ರೈ ಅಂದರೆ ಸಿಹಿ ಇಲ್ಲ, ದ್ರಾಕ್ಷಿಯ ಸಕ್ಕರೆ ಎಲ್ಲ ಹುದುಗಿ ಮುಗಿದಿದೆ. ಡ್ರೈ ಮಾರ್ಟಿನಿಗೆ ಈಗಿನ ಅರ್ಥ ವರ್ಮೂತ್ ಕಡಿಮೆ ಎಂದು. ವರ್ಮೂತ್ ಅಂದರೆ ಗಿಡಮೂಲಿಕೆ ಹಾಕಿ ಸ್ವಲ್ಪ ಮದ್ಯ ಸೇರಿಸಿದ ವೈನ್. ಅಂತರರಾಷ್ಟ್ರೀಯ ಬಾರ್‌ಟೆಂಡರ್ ಸಂಘದ ಲೆಕ್ಕದಲ್ಲಿ 60 ಎಂಎಲ್ ಜಿನ್‌ಗೆ 10 ಎಂಎಲ್ ಡ್ರೈ ವರ್ಮೂತ್. ಇದು ಹೆಚ್ಚಾದರೆ ವೆಟ್. ಆಲಿವ್ ಕಾಯಿ ನೆನೆಸಿದ ಉಪ್ಪುನೀರು ಸೇರಿಸಿದರೆ ಡರ್ಟಿ. ಆಲಿವ್ ಬದಲು ಸಣ್ಣ ಈರುಳ್ಳಿ ಉಪ್ಪಿನಕಾಯಿ ಹಾಕಿದರೆ ಗಿಬ್ಸನ್. ಮನೆಯಲ್ಲಿ ವರ್ಮೂತ್ ತೆರೆದರೆ ಫ್ರಿಜ್‌ನಲ್ಲಿಡಿ. ವೈನ್ ಅಲ್ವಾ, ಕೆಡುತ್ತದೆ. ಶೋಕೇಸಿನಲ್ಲಿ ವರ್ಷಗಟ್ಟಲೆ ತೆರೆದಿಟ್ಟು "ಮಾರ್ಟಿನಿ ಚೆನ್ನಾಗಿಲ್ಲ" ಅನ್ನುವವರನ್ನು ತುಂಬಾ ನೋಡಿದ್ದೇನೆ.

ಡ್ರೈ ಶೇಕ್ ಅಂದರೆ ಐಸ್ ಇಲ್ಲದೆ ಮೊದಲ ಸಲ ಶೇಕ್ ಮಾಡುವುದು. ಮೊಟ್ಟೆಯ ಬಿಳಿ ಹಾಕಿದಾಗ ನೊರೆ ಚೆನ್ನಾಗಿ ಏಳಲಿ ಅಂತ. ಆಮೇಲೆ ಐಸ್ ಹಾಕಿ ಇನ್ನೊಂದು ಸಲ. ಡ್ರೈ ಡೇ ಏನು ಅಂತ ಹೇಳಬೇಕಾಗಿಲ್ಲ, ಅವತ್ತು ಅಂಗಡಿ ಬಾಗಿಲು ಹಾಕಿರುತ್ತದೆ.

ಜೊತೆಗೆ ನೀವು ಕೇಳದ ಒಂದು ಪದ, ಟ್ವಿಸ್ಟ್. ಅದು ನಿಂಬೆ ಹೋಳಲ್ಲ, ಬರೀ ಸಿಪ್ಪೆ. ಎರಡು ಬೆರಳಗಲದ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಡಿದು ಮಡಚಿದರೆ ಕಣ್ಣಿಗೆ ಕಂಡೂ ಕಾಣದ ಹಾಗೆ ಎಣ್ಣೆಯ ತುಂತುರು ಹಾರುತ್ತದೆ. ಬೆಳಕಿಗೆ ಎದುರಾಗಿ ಹಿಡಿದು ಒಮ್ಮೆ ನೋಡಿ. ಗ್ಲಾಸ್ ಬಾಯಿಗೆ ಬರುವ ಮೊದಲೇ ಮೂಗಿಗೆ ಬರುವ ಘಮ ಅದೇ.

ನಾನು ಕುಡಿಯುವುದಿಲ್ಲ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಆಫೀಸಿನ ಪಾರ್ಟಿಗಳಲ್ಲಿ ಗ್ಲಾಸ್ ಹಿಡಿಯಲು ಭಯ. ಏನು ಕೇಳಬೇಕು? (ಬೆಂಗಳೂರಿನ ಓದುಗರು)

ನಿಮ್ಮ ಭಯ ನ್ಯಾಯವಾದದ್ದು, ಯಾಕೆಂದರೆ ಹೆಸರುಗಳು ಮೋಸ ಮಾಡುತ್ತವೆ. ಲಾಂಗ್ ಐಲ್ಯಾಂಡ್ ಐಸ್ಡ್ ಟೀಯಲ್ಲಿ ಟೀಯೇ ಇಲ್ಲ. ವೋಡ್ಕಾ, ಜಿನ್, ರಮ್, ಟೆಕೀಲಾ, ಕಿತ್ತಳೆ ಲಿಕರ್ (ಕಿತ್ತಳೆ ರುಚಿಯ ಸಿಹಿ ಮದ್ಯ), ಐದೂ 15 ಎಂಎಲ್‌ನಂತೆ 75 ಎಂಎಲ್ ಮದ್ಯ, ಮೇಲೆ ಕೋಲಾ ಹಾಕಿ ಚಹಾ ಬಣ್ಣ ತರಿಸುತ್ತಾರೆ.

ಮೆನುವಿನಲ್ಲಿ ಮಾಕ್‌ಟೇಲ್, ವರ್ಜಿನ್, ಝೀರೋ ಪ್ರೂಫ್ ಎಂದಿರುವುದರಲ್ಲಿ ಮದ್ಯ ಇರಬಾರದು. ವರ್ಜಿನ್ ಮೊಹಿತೊ ಅಂದರೆ ರಮ್ ಬಿಟ್ಟು ಉಳಿದದ್ದೆಲ್ಲ. ಆದರೂ ಒಂದು ಮಾತು ಕೇಳಿ: "ಬಿಟರ್ಸ್ ಹಾಕ್ತೀರಾ?" ಬಿಟರ್ಸ್ ಅಂದರೆ ಬೇರು, ತೊಗಟೆ, ಮಸಾಲೆಗಳನ್ನು ಮದ್ಯದಲ್ಲಿ ನೆನೆಸಿ ತೆಗೆದ ಕಹಿ ಸಾರ. ಎಲ್ಲ ಬಾರಿನಲ್ಲೂ ಕಾಣುವ ಅಂಗೊಸ್ಟುರಾ ಬಿಟರ್ಸ್‌ನಲ್ಲಿ 44.7% ಆಲ್ಕೋಹಾಲ್ ಇದೆ, ವಿಸ್ಕಿಗಿಂತ ಜಾಸ್ತಿ. ಹಾಕುವುದು ಎರಡು ಡ್ಯಾಶ್ ಅಷ್ಟೇ, ಎಷ್ಟೋ ಬಾರ್‌ಟೆಂಡರ್‌ಗಳು ಅದನ್ನು ಮದ್ಯ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ನಿಂಬೆ ಸೋಡಾಕ್ಕೂ ಹಾಕಿ ಕೊಡುತ್ತಾರೆ. ಒಂದು ಹನಿಯೂ ಬೇಡ ಅನ್ನುವವರಿಗೆ ಅದು ಹೇಳಲೇಬೇಕಾದ ವಿಷಯ.

ಮೊಟ್ಟೆ ಬಗ್ಗೆ: ಹೆಸರಿನಲ್ಲಿ ಸೋರ್, ಫಿಜ್, ಫ್ಲಿಪ್ ಎಂದಿದ್ದರೆ ಕೇಳಿಕೊಳ್ಳಿ. ಫ್ಲಿಪ್‌ನಲ್ಲಿ ಇಡೀ ಮೊಟ್ಟೆಯೇ ಇರುತ್ತದೆ. ಮದ್ಯ ಇಲ್ಲದ ಸೋರ್‌ಗೂ ಕೆಲವರು ನೊರೆಗೆಂದು ಬಿಳಿ ಹಾಕುತ್ತಾರೆ. ಬದಲಿಗೆ ಕಾಬೂಲಿ ಕಡಲೆ ಬೇಯಿಸಿದ ನೀರು ಹಾಕಿದರೆ ಅಷ್ಟೇ ಚೆನ್ನಾಗಿ ನೊರೆ ಬರುತ್ತದೆ, ನಾನು ನನ್ನ ವಿದ್ಯಾರ್ಥಿಗಳಿಗೆ ಇದನ್ನು ಮೊದಲ ವಾರದಲ್ಲೇ ಕಲಿಸುತ್ತೇನೆ.

ಇಷ್ಟೆಲ್ಲ ಬೇಡ ಅಂದರೆ ಸುಮ್ನೆ ಪುನರ್ಪುಳಿ ಶರಬತ್ತಿಗೆ ಸೋಡಾ ಟಾಪ್ ಅಪ್ ಮಾಡಿಸಿ, ಉದ್ದ ಗ್ಲಾಸಿನಲ್ಲಿ, ಐಸ್ ತುಂಬಾ, ಒಂದು ಚಿಟಿಕೆ ಉಪ್ಪು. ಎಷ್ಟೋ ಕಾಕ್‌ಟೇಲ್‌ಗಳಿಗೆ ಆ ಬಣ್ಣ, ಆ ಹುಳಿ ಬರುವುದಿಲ್ಲ. ಅದನ್ನು ಹಿಡಿದು ನಿಂತರೆ ಯಾರೂ ಏನೂ ಕೇಳುವುದಿಲ್ಲ.

ಕಾಕ್‌ಟೇಲ್ ಅಂದರೆ ಹುಂಜದ ಬಾಲ ಅಲ್ವಾ? ಆ ಹೆಸರು ಯಾಕೆ? ಪಂಚ್ ಅಂದರೂ ಅದೇನಾ? (ಧಾರವಾಡದ ವಿದ್ಯಾರ್ಥಿ)

ಹುಂಜದ ಬಾಲಕ್ಕೆ ಹತ್ತು ಕಥೆ ಕಟ್ಟಿದ್ದಾರೆ, ಗಟ್ಟಿ ಆಧಾರ ಯಾವುದಕ್ಕೂ ಇಲ್ಲ. ಆಧಾರ ಇರುವುದು ಅರ್ಥಕ್ಕೆ. 1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಒಂದು ಪತ್ರಿಕೆಯಲ್ಲಿ ಓದುಗರೊಬ್ಬರು ನಿಮ್ಮ ಹಾಗೇ "ಇದೇನು ಪದ?" ಎಂದು ಕೇಳಿದರು. ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್, ಈ ನಾಲ್ಕು ಸೇರಿದ್ದು ಕಾಕ್‌ಟೇಲ್ ಎಂದು ಸಂಪಾದಕರು ಉತ್ತರ ಕೊಟ್ಟರು. ಈಗ ಓಲ್ಡ್ ಫ್ಯಾಶನ್ಡ್ ಎಂದು ಮೆನುವಿನಲ್ಲಿರುವುದು ಆ ನಾಲ್ಕೇ. ನೀರನ್ನು ಆಗಲೇ ಒಂದು ಪದಾರ್ಥವಾಗಿ ಎಣಿಸಿದ್ದರು ನೋಡಿ, ನನಗೆ ಅದು ತುಂಬಾ ಇಷ್ಟ.

ಪಂಚ್ ಬೇರೆ, ಅದು ಇನ್ನೂ ಹಳೆಯದು. ಮದ್ಯ, ಹುಳಿ, ಸಕ್ಕರೆ, ನೀರು, ಮಸಾಲೆ ಐದು ಸೇರಿದ್ದರಿಂದ ನಮ್ಮ "ಪಂಚ"ದಿಂದಲೇ ಆ ಹೆಸರು ಬಂತು ಎಂದು ಹೆಚ್ಚಿನವರು ಹೇಳುತ್ತಾರೆ. 1600ರ ದಶಕಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲಿಂದ ಒಯ್ದ ರುಚಿ ಅದು.

ವೈನ್ ಶಾಪ್ ಎಂದು ಬೋರ್ಡ್, ಒಳಗೆ ವೈನ್ ಎಲ್ಲೋ ಮೂಲೆಯಲ್ಲಿ. ಬೋರ್ಡಿನ ಸಿಎಲ್-2, ಸಿಎಲ್-9 ಏನು? (ಹಾಸನದ ಓದುಗರು)

ಅಬಕಾರಿ ಲೈಸೆನ್ಸಿನ ನಮೂನೆ. ಸಿಎಲ್-2 ಚಿಲ್ಲರೆ ಅಂಗಡಿ, ಕೊಂಡು ಹೋಗಬೇಕು, ಅಲ್ಲೇ ನಿಂತು ಕುಡಿಯುವಂತಿಲ್ಲ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ರೂಮುಗಳಿರುವ ಹೋಟೆಲ್. ಸಿಎಲ್-4 ಕ್ಲಬ್. ಕಾಕ್‌ಟೇಲ್ ಕೆಲಸ ಹುಡುಕುವವರು 7 ಮತ್ತು 9 ನೋಡಿಕೊಂಡು ಹೋಗಿ.

ನಾನು ಡಿಗ್ರಿ ಮುಗಿಸಿದ್ದೇನೆ, ಬಾರ್‌ಟೆಂಡರ್ ಆಗುವ ಆಸೆ. ಮನೆಯಲ್ಲಿ "ಹೆಣ್ಣುಮಕ್ಕಳಿಗೆ ಅದು ಕಾನೂನಲ್ಲೇ ಇಲ್ಲ" ಅನ್ನುತ್ತಾರೆ. ನಿಜವಾ? ಮೊದಲ ದಿನ ಕಿವಿಗೆ ಬೀಳುವ ಪದಗಳನ್ನೂ ಹೇಳಿ. (ಮೈಸೂರಿನ ಯುವತಿ)

ಮನೆಯವರ ಮಾತು ಹಳೆಯದು. 1914ರ ಪಂಜಾಬ್ ಅಬಕಾರಿ ಕಾಯ್ದೆ ದೆಹಲಿಯಲ್ಲೂ ಜಾರಿಯಲ್ಲಿತ್ತು, ಮದ್ಯ ಕೊಡುವ ಜಾಗದಲ್ಲಿ ಹೆಂಗಸರನ್ನೂ 25 ದಾಟದ ಗಂಡಸರನ್ನೂ ಕೆಲಸಕ್ಕೆ ಇಡಬಾರದು ಎಂದು ಅದರಲ್ಲಿತ್ತು. ಅನೂಜ್ ಗರ್ಗ್ ಪ್ರಕರಣದಲ್ಲಿ 2007ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧ ನಿಲ್ಲುವುದಿಲ್ಲ ಎಂದಿತು. ರಕ್ಷಣೆಯ ಹೆಸರಿನಲ್ಲಿ ಹೆಣ್ಣಿನ ಕೆಲಸ ಕಿತ್ತುಕೊಳ್ಳುವಂತಿಲ್ಲ ಎಂಬುದು ತೀರ್ಪಿನ ಸಾರ. ಅದಕ್ಕೂ ಎಷ್ಟೋ ಮೊದಲು, 1980ರ ದಶಕದಲ್ಲೇ, ಮುಂಬೈಯಲ್ಲಿ ಶತ್ಭಿ ಬಸು ಕೌಂಟರಿನ ಹಿಂದೆ ನಿಂತಿದ್ದರು. ದೇಶದ ಮೊದಲ ಮಹಿಳಾ ಬಾರ್‌ಟೆಂಡರ್ ಎಂದೇ ಹೆಸರಾದವರು, ನೂರಾರು ಜನಕ್ಕೆ ಕಲಿಸಿದವರು. ಅವರ ಬಗ್ಗೆ ಮನೆಯವರಿಗೆ ಹೇಳಿ. ರಾತ್ರಿ ಮನೆ ಮುಟ್ಟಿಸುವ ವ್ಯವಸ್ಥೆ ಏನು ಎಂದು ಸಂಬಳಕ್ಕಿಂತ ಮೊದಲು ಕೇಳಿ. ಸರಿಯಾದ ಉತ್ತರ ಕೊಡದ ಜಾಗಕ್ಕೆ ಸೇರಬೇಡಿ, ಇದನ್ನು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ.

ಪದಗಳು: ಇನ್ನೊಬ್ಬರ ಬೆನ್ನ ಹಿಂದೆ ಹಾಯುವಾಗ "ಬಿಹೈಂಡ್" ಎಂದು ಕೂಗಬೇಕು, ಕೈಯಲ್ಲಿ ಗಾಜು ಇರುತ್ತದೆ. "ಏಯ್ಟಿ ಸಿಕ್ಸ್" ಅಂದರೆ ಆ ಐಟಂ ಖಾಲಿ. ವೆಲ್ ಅಥವಾ ಹೌಸ್ ಅಂದರೆ ಬ್ರ್ಯಾಂಡ್ ಹೇಳದಿದ್ದರೆ ಹಾಕುವ ಅಗ್ಗದ ಬಾಟಲಿ, ಟಾಪ್ ಶೆಲ್ಫ್ ಅಂದರೆ ದುಬಾರಿಯದ್ದು. ಚೇಸರ್ ಅಂದರೆ ಹಿಂದೆಯೇ ಕುಡಿಯುವ ಬೇರೆ ಗ್ಲಾಸ್. ಹೈಬಾಲ್ ಅಂದರೆ ಉದ್ದ ಗ್ಲಾಸಿನಲ್ಲಿ ಮದ್ಯ ಕಡಿಮೆ, ಸೋಡಾ ಜಾಸ್ತಿ. "ಲಾಸ್ಟ್ ಕಾಲ್" ಅಂದರೆ ಕೊನೆಯ ಆರ್ಡರ್. "ಕಟ್ ಆಫ್" ಅಂದರೆ ಜಾಸ್ತಿ ಆದವರಿಗೆ ಇನ್ನು ಕೊಡದಿರುವುದು. ಅದನ್ನು ಹೇಳುವ ಹಕ್ಕು ನಿಮಗೂ ಇದೆ, ಮೊದಲ ದಿನದಿಂದಲೇ.

ಮತ್ತೆ ಮನೆಯಲ್ಲಿ ಅಭ್ಯಾಸ ಶುರು ಮಾಡುವಾಗ ಒಂದು ಗೊಂದಲ ಬರುತ್ತದೆ. ರೆಸಿಪಿಗಳಲ್ಲಿ ಲೈಮ್ ಬೇರೆ, ಲೆಮನ್ ಬೇರೆ. ನಾವು ಎರಡಕ್ಕೂ ನಿಂಬೆ ಅನ್ನುತ್ತೇವೆ, ಲೆಮನ್ ರೈಸ್ ಎಂದು ಮಾಡುವುದೂ ಲೈಮಿನಲ್ಲೇ. ನಮ್ಮ ಸಣ್ಣ, ತೆಳು ಸಿಪ್ಪೆಯ ನಿಂಬೆ, ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ವಿಜಯಪುರದ ಇಂಡಿ ನಿಂಬೆಯೂ ಸೇರಿ, ಎಲ್ಲ ಲೈಮ್. ಡೈಕಿರಿ, ಮಾರ್ಗರಿಟಾ ಅನ್ನುವ ಕಾಕ್‌ಟೇಲ್‌ಗಳಿಗೆ ಅದೇ ಬೇಕು. ವಿಸ್ಕಿ ಸೋರ್‌ಗೆ ಹೇಳುವ ಲೆಮನ್ ಮಾತ್ರ ದಪ್ಪ ಸಿಪ್ಪೆಯ ದೊಡ್ಡ ಹಳದಿ ಹಣ್ಣು, ಅದರ ಹುಳಿ ಇನ್ನೂ ಮೆದು. ಅದು ಸಿಗದಿದ್ದರೆ ನಮ್ಮ ನಿಂಬೆಯನ್ನೇ 5 ಎಂಎಲ್ ಕಡಿಮೆ ಹಾಕಿ. ಒಂದು ಹಣ್ಣಿಗೆ ಸುಮಾರು 15ರಿಂದ 20 ಎಂಎಲ್ ರಸ ಬರುತ್ತದೆ, ಅವತ್ತು ಹಿಂಡಿದ್ದನ್ನು ಅವತ್ತೇ ಮುಗಿಸಿ. ಕತ್ತರಿಸುವ ಮೊದಲು ಹಣ್ಣನ್ನು ಕಲ್ಲಿನ ಮೇಲಿಟ್ಟು ಅಂಗೈಯಿಂದ ಒತ್ತಿ ನಾಲ್ಕು ಸಲ ಉರುಳಿಸಿ, ರಸ ಸಲೀಸಾಗಿ ಬರುತ್ತದೆ.